ನೂರಕ್ಕೆ ನೂರು ಬಂದ ವರ್ಷ

ನಾನು ಓದಿದ್ದು ಏಳನೇ ಕ್ಲಾಸಿನ ತನಕ. ಆದರೂ ನಮ್ಮೂರಿನ ಸರ್ಕಾರಿ ಹೈಸ್ಕೂಲಿನ ವಿಷಯ ನನಗೆ ಗೊತ್ತಿರುವಷ್ಟು ಅಲ್ಲಿ ಪಾಠ ಮಾಡುವ ಕೆಲವರಿಗೂ ಗೊತ್ತಿಲ್ಲ ಎಂದರೆ ಅದು ಜಂಬವಲ್ಲ. ಹತ್ತು ವರ್ಷದ ಮೇಲಾಯಿತು, ಅಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದೇನೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಎಂಟು, ಒಂಬತ್ತು, ಹತ್ತು, ಮೂರು ಕ್ಲಾಸಿಗೂ ಹೋಗಿ ತಲೆ ಎಣಿಸಿಕೊಂಡು ಬಂದು ಅಕ್ಕಿ ಅಳೆಯಬೇಕು. ಹಾಗೆ ದಿನಾ ಎಣಿಸುವವಳಿಗೆ ಯಾರು ಬಂದಿದ್ದಾರೆ ಎನ್ನುವುದಕ್ಕಿಂತ ಯಾರು ಬರುವುದನ್ನು ಬಿಟ್ಟರು ಎನ್ನುವುದು ಬೇಗ ಗೊತ್ತಾಗುತ್ತದೆ.

ನಮ್ಮೂರು ಟಿ. ನರಸೀಪುರದಿಂದ ಮೂಗೂರಿನ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕಿದೆ. ನಾನು ಕೆಲಸಕ್ಕೆ ಸೇರಿದಾಗ ಊರಿನ ಎಲ್ಲ ಬೀದಿಯ ಮಕ್ಕಳೂ ಊಟದ ಸಾಲಿನಲ್ಲಿ ಇರುತ್ತಿದ್ದರು. ನಾನು ಕೆಳಗಿನ ಬೀದಿಯವಳು. ನನ್ನ ಜೊತೆ ಅಡುಗೆ ಮಾಡುವ ಹಿರಿಯ ಹೆಂಗಸು ಮೇಲಿನ ಬೀದಿಯವರು, ಒಳ್ಳೆಯವರೇ. ಮೊದಲ ದಿನವೇ ಅವರು ಹೇಳಿದ್ದರು, “ನೀನು ತರ್ಕಾರಿ ಎಚ್ಚವ್ವ, ಸೌಟು ನಾನ್ ಇಡ್ಕತೀನಿ. ಸುಮ್ಕೆ ಯಾಕೆ ರಗ್ಳೆ?” ಎಂದು. ನಾನು ಹೆಚ್ಚಿದೆ, ಅವರು ಬಡಿಸಿದರು. ಹಾಗಿದ್ದೂ ಕೆಲವು ಮಕ್ಕಳು ಮನೆಯಿಂದ ಡಬ್ಬಿ ತರುತ್ತಿದ್ದರು. ಈಗ ನಾನೇ ಬಡಿಸುತ್ತೇನೆ, ಯಾರೂ ಡಬ್ಬಿ ತರುವುದಿಲ್ಲ. ಕಾಲ ಬದಲಾಯಿತು ಎಂದು ಹೊರಗಿನವರು ಅಂದುಕೊಳ್ಳಬಹುದು. ಬದಲಾಗಿದ್ದು ಬೇರೆ. ರಗಳೆ ಮಾಡುವ ಮನೆಯವರ ಮಕ್ಕಳೇ ಈಗ ಸ್ಕೂಲಿನಲ್ಲಿಲ್ಲ.

ಮೊದಲು ಹಳದಿ ವ್ಯಾನು ಬಂತು. ಗದ್ದೆ, ಅಂಗಡಿ ಇದ್ದವರು ಮಕ್ಕಳನ್ನು ಅದರಲ್ಲಿ ಟಿ. ನರಸೀಪುರದ ಇಂಗ್ಲಿಷ್ ಮೀಡಿಯಮ್ಮಿಗೆ ಹತ್ತಿಸಿದರು. ಇನ್ನು ಕೆಲವರು ಸುತ್ತೂರಿನ ಹಾಸ್ಟೆಲಿನಲ್ಲಿ ಬಿಟ್ಟು ಬಂದರು. ನಮ್ಮ ಬೀದಿಯಲ್ಲೂ ಸಂಬಳದ ಕೆಲಸ ಇದ್ದ ಮನೆಯವರು ಹಾಗೆಯೇ ಮಾಡಿದರು, ತಪ್ಪು ಎನ್ನಲಾರೆ. ಕೊನೆಗೆ ಉಳಿದದ್ದು ಕೂಲಿಯವರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು. ಒಂದೇ ಮನೆಯ ಹುಡುಗ ವ್ಯಾನು ಹತ್ತುತ್ತಿದ್ದ, ಅವನ ಅಕ್ಕನೋ ತಂಗಿಯೋ ನಡೆದುಕೊಂಡು ನಮ್ಮ ಸ್ಕೂಲಿಗೆ ಬರುತ್ತಿದ್ದಳು. ದೊಡ್ಡ ಪಾತ್ರೆ ಅಟ್ಟಕ್ಕೆ ಹೋಯಿತು. ನಡುವಿನ ಪಾತ್ರೆಯಲ್ಲೇ ಅನ್ನ ಮುಗಿಯತೊಡಗಿತು.

ನನ್ನ ತಂಗಿಯೂ ಆ ಉಳಿದ ಹೆಣ್ಣುಮಕ್ಕಳಲ್ಲಿ ಒಬ್ಬಳು. ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳು. ಅಪ್ಪ ತೀರಿಕೊಂಡಿದ್ದರು. ಅವ್ವ ನಾಟಿ, ಕಳೆ, ಕಬ್ಬು ಕಡಿಯುವುದು ಎಂದು ದಿನಾ ಹೊರಗೆ. ನಾನು ಗಂಡನ ಮನೆ ಬಿಟ್ಟು ಬಂದವಳು. ಹಾಗಾಗಿ ತಂಗಿಯನ್ನು ಎಂಟನೇ ಕ್ಲಾಸಿಗೆ ಸೇರಿಸುವಾಗ ಪೋಷಕರು ಎಂಬ ಜಾಗದಲ್ಲಿ ಸಹಿ ಮಾಡಿದ್ದು ನಾನು. ಆ ಒಂದು ಸಹಿಯಿಂದ ಅವಳ ಮೇಲೆ ನನಗೆ ಎಷ್ಟು ಅಧಿಕಾರ ಬಂದಿದೆ ಎಂದು ಆಗ ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಅವಳು ದಡ್ಡಿಯಲ್ಲ. ಕನ್ನಡ, ಸಮಾಜ ಚೆನ್ನಾಗಿತ್ತು. ಗಣಿತ ಬರುತ್ತಿರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಅರ್ಧ ವರ್ಷ ಗಣಿತಕ್ಕೆ ಮೇಷ್ಟ್ರೇ ಇರಲಿಲ್ಲ. ಪಿ.ಟಿ. ಮೇಷ್ಟ್ರು ಬಂದು ಮಗ್ಗಿ ಹೇಳಿಸಿ ಹೋಗುತ್ತಿದ್ದರು. ಹತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳು ಗಣಿತದಲ್ಲೂ ಇಂಗ್ಲಿಷಿನಲ್ಲೂ ಫೇಲಾದಳು. ಒಲೆಯ ಪಕ್ಕ ಕೂತು ಉತ್ತರಪತ್ರಿಕೆ ಮಡಚುತ್ತ, “ಮಾರ್ಚ್‌ಗೆ ಇನ್ನೂ ಟೈಮದೆ ಕಣಕ್ಕ, ಆಯ್ತದೆ” ಎಂದಳು.

ಅದಾದ ಕೆಲವು ದಿನಕ್ಕೆ ಹೆಡ್‌ಮಾಸ್ಟರು ನನ್ನನ್ನು ಆಫೀಸಿಗೆ ಕರೆದರು. ಹನ್ನೊಂದು ಗಂಟೆಯ ಟೀ ಕೊಡುವುದಕ್ಕೆ ದಿನಾ ಆ ಕೋಣೆಗೆ ಹೋಗುತ್ತಿದ್ದೆ. ಆ ದಿನ ಮಾತ್ರ ಕುರ್ಚಿ ತೋರಿಸಿದರು. ಅಷ್ಟು ವರ್ಷದಲ್ಲಿ ಅವರ ಎದುರು ಕೂತದ್ದು ಅದೇ ಮೊದಲು. ಮೊದಲು ಅದಕ್ಕೇ ನಾನು ಕರಗಿಹೋದೆ ಅನ್ನಿಸುತ್ತದೆ.

“ನೋಡಮ್ಮ, ಹೋದ ವರ್ಷದ ರಿಸಲ್ಟು ನಿನಗೆ ಗೊತ್ತು. ಮೀಟಿಂಗಲ್ಲಿ ಎಲ್ಲರ ಮುಂದೆ ನನ್ನ ನಿಲ್ಲಿಸಿ ಕೇಳಿದ್ರು” ಎಂದರು.

“ಊಂ ಸಾ.”

“ಈ ವರ್ಷಾನೂ ಹಂಗೇ ಆದ್ರೆ ಜೂನಲ್ಲಿ ಎಂಟನೇ ಕ್ಲಾಸಿಗೆ ಯಾರು ತಂದು ಸೇರಿಸ್ತಾರೆ ಹೇಳು? ಸ್ಟ್ರೆಂತ್ ಇಳಿದ್ರೆ ಇಬ್ಬರು ಅಡುಗೆಯವರು ಯಾಕೆ ಅಂತ ಕೇಳ್ತಾರೆ. ಯಾರನ್ನ ತೆಗೀಲಿ ನಾನು? ಆಯಮ್ಮ ನಿನಗಿಂತ ಸೀನಿಯರ್ರು.”

ಅವರು ನನ್ನನ್ನು ಹೆದರಿಸಲು ಹೇಳಿದರೋ, ಅವರ ಕಷ್ಟ ಹೇಳಿಕೊಂಡರೋ, ಇವತ್ತಿಗೂ ನನಗೆ ತಿಳಿಯದು. ದನಿಯಲ್ಲಿ ಗದರಿಕೆ ಇರಲಿಲ್ಲ.

“ನಿನ್ನ ತಂಗಿ ಪರೀಕ್ಷೆ ಬರೆಯೋದು ಬೇಡ ಅಂತಿಲ್ಲ. ಪ್ರೈವೇಟಾಗಿ ಕಟ್ಟಿಸೋಣ. ಅದೇ ಪೇಪರು, ಅದೇ ದಿನ. ನಮ್ಮ ಸ್ಕೂಲಿನ ಲೆಕ್ಕಕ್ಕೆ ಬರಲ್ಲ, ಅಷ್ಟೆ. ಫಾರ್ಮ್ ಬಿಟ್ಟ ದಿನ ನಾನೇ ಕೂತು ತುಂಬ್ತೀನಿ. ಈಗ ನೀನು ಒಂದು ಟಿ.ಸಿ.ಗೆ ಬರ್ಕೊಡು.”

ಅರ್ಜಿಯನ್ನು ಮೊದಲೇ ಬರೆದಿಟ್ಟಿದ್ದರು. ನಾನು ನಿಧಾನ ಓದುವವಳು, ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಓದು ಬಾರದೆ ಸಹಿ ಹಾಕಿದೆ ಎಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ. “ಸದರಿ ವಿದ್ಯಾರ್ಥಿನಿಗೆ ವಿದ್ಯಾಭ್ಯಾಸದಲ್ಲಿ ಆಸಕ್ತಿ ಇಲ್ಲದಿರುವ ಕಾರಣ” ಎಂದು ಅದರಲ್ಲಿ ಇತ್ತು. ಆ ಸಾಲಿನ ಹತ್ತಿರ ನನ್ನ ಬೆರಳು ನಿಂತಿತು. “ಇದು ಹಿಂಗೇ ಬರಿಯೋದಮ್ಮ, ಎಲ್ಲದಕ್ಕೂ ಒಂದು ಕಾರಣ ಬೇಕಲ್ಲ” ಎಂದರು ಹೆಡ್‌ಮಾಸ್ಟರು. ನಾನು ಸಹಿ ಹಾಕಿದೆ.

ಕೆಲಸ ಹೋಗುತ್ತದೆ ಎಂಬ ಹೆದರಿಕೆಯಿಂದ ಹಾಕಿದೆ. ಅದು ನಿಜ. ಆದರೆ ಅದರ ಕೆಳಗೆ ಇನ್ನೊಂದು ಇತ್ತು. ಅದನ್ನು ಹೇಳದಿದ್ದರೆ ಇಷ್ಟು ಬರೆದದ್ದೂ ದಂಡ. ನಾನು ಏಳನೇ ಕ್ಲಾಸಿಗೆ ಬಿಟ್ಟಾಗ ನನ್ನನ್ನು ಯಾರೂ ಕೂರಿಸಿ ಕೇಳಲಿಲ್ಲ, ಯಾರೂ ಅಳಲಿಲ್ಲ. ತಂಗಿ ಮಗುವಾಗಿದ್ದಳು, ಎತ್ತಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು, ಬಿಟ್ಟೆ. ನಾನು ಬಿಟ್ಟು ಬದುಕಿಲ್ಲವೇ, ಇವಳಿಗೆ ಒಂದು ವರ್ಷ ತಡವಾದರೆ ಏನು ಮುಳುಗಿಹೋಗುತ್ತದೆ ಎಂದು ಆ ಕುರ್ಚಿಯಲ್ಲಿ ಕೂತಾಗ ನನ್ನ ಮನಸ್ಸಿಗೆ ಬಂತು. ಬಂದದ್ದನ್ನು ನಾನು ದೂಡಲಿಲ್ಲ.

ಮನೆಗೆ ಬಂದು ತಂಗಿಗೆ ಅರ್ಧ ಮಾತ್ರ ಹೇಳಿದೆ.

“ಸಾರು ನಿನ್ನ ಪ್ರೈವೇಟಾಗಿ ಕಟ್ಟಿಸ್ತಾರಂತೆ.”

“ಯಾಕೆ? ನಾನೇನು ಮಾಡ್ದೆ?”

“ನಂಗೇನು ಗೊತ್ತು? ಅವರ ತೀರ್ಮಾನ ಅದು.”

“ನೀನು ಅಲ್ಲೇ ಇರ್ತಿಯಲ್ಲಕ್ಕ, ಕೇಳ್ನಿಲ್ವ?”

“ಕೇಳ್ದೆ ಕಣೇ. ಆಗಕ್ಕಿಲ್ಲ ಅಂದ್ರು” ಎಂದುಬಿಟ್ಟೆ.

ಅವ್ವನಿಗೆ ಬೆಳಿಗ್ಗೆ ಹೇಳಿದೆವು. ಅವ್ವ ಗೋಡೆಯ ಕಡೆ ನೋಡಿದಳು. ನಮ್ಮ ಮನೆಯ ಗೋಡೆಯಲ್ಲಿ ಬುದ್ಧನ ಫೋಟೊ, ಅದರ ಪಕ್ಕ ನೀಲಿ ಕೋಟಿನವರ ಫೋಟೊ ಇದೆ. “ಅವರು ಓದಿ ಅಂತ ಏಳಿದ್ದು ನಮ್ಗೇ ಅಲ್ವ, ಈ ಇಸ್ಕೂಲ್ನೋರು ಬ್ಯಾಡ ಅಂದ್ರೆ ಎಂಗೆ?” ಎಂದಳು. ನಾನು ಕೆಲಸಕ್ಕೆ ಹೊತ್ತಾಯಿತು ಎಂದು ಎದ್ದು ಹೋದೆ.

ಹಾಗೆ ಕರೆಸಿದ್ದು ನನ್ನೊಬ್ಬಳನ್ನೇ ಅಲ್ಲ. ತಂಗಿಯ ಬೆಂಚಿನಲ್ಲೇ ಕೂರುತ್ತಿದ್ದ ಹುಡುಗಿಯ ಅಪ್ಪನನ್ನೂ ಕರೆಸಿದ್ದರು. ಅರ್ಧವಾರ್ಷಿಕದಲ್ಲಿ ಆ ಹುಡುಗಿಗೆ ನನ್ನ ತಂಗಿಗಿಂತ ಕಡಿಮೆ ಬಂದಿತ್ತು. ಅಪ್ಪ ಗಾರೆ ಕೆಲಸದವನು, ಸಿಮೆಂಟ್ ಮೆತ್ತಿದ ಕೈಯಲ್ಲೇ ಬಂದಿದ್ದ. ಅವನು ಕೂರಲಿಲ್ಲ. ಆಫೀಸಿನ ಬಾಗಿಲಲ್ಲಿ ನಿಂತುಕೊಂಡೇ ಕೂಗಿದ್ದು ಅಡುಗೆ ಕೋಣೆಗೂ ಕೇಳಿಸಿತು.

“ನನ್ ಮಗ್ಳು ಪೇಲಾದ್ರೆ ಪೇಲಾಗ್ಲಿ ಬುಡಿ ಸಾ! ನಾನೇನು ಪೇಪರ್ನೋರ್ಗೆ ಏಳಾಕೋಯ್ತೀನಾ? ನೀವೂ ಏಳ್ಬ್ಯಾಡಿ. ಇಲ್ಲೇ ಓದವ್ಳೆ, ಇಲ್ಲೇ ಬರೀತಾಳೆ.”

ಹಿರಿಯ ಹೆಂಗಸು ಸೌಟು ಹಿಡಿದೇ ನಕ್ಕರು. “ನೋಡವ್ವ, ಬಾಯಿದ್ದೋನು ಬರಗಾಲ್ದಲ್ಲೂ ಬದುಕ್ದ” ಎಂದರು. ನಾನೂ ನಕ್ಕೆ. ನನ್ನ ಕಾಗದ ಅಷ್ಟರಲ್ಲಿ ಫೈಲಿನೊಳಗೆ ಹೋಗಿ ಎರಡು ದಿನವಾಗಿತ್ತು.

ತಂಗಿಯ ಹೆಸರು ತೆಗೆದ ಮರುದಿನದಿಂದ ಹತ್ತನೇ ಕ್ಲಾಸಿನ ತಲೆ ಎಣಿಸುವುದು ಕಷ್ಟವಾಯಿತು. ಆ ಬೆಂಚಿನ ಹತ್ತಿರ ಬಂದಾಗ ಲೆಕ್ಕ ತಪ್ಪುತ್ತಿತ್ತು, ಮತ್ತೆ ಮೊದಲಿಂದ ಎಣಿಸುತ್ತಿದ್ದೆ. ತಂಗಿ ಮನೆಯಲ್ಲೇ ಓದುತ್ತಿದ್ದಳು. ಸಂಜೆ ಆ ಗಾರೆಯವನ ಮಗಳು ನೋಟ್ಸು ತಂದು ಕೊಡುತ್ತಿದ್ದಳು, ಇಬ್ಬರೂ ಹಜಾರದಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದರು. ಅವರ ಮಾತಿನಲ್ಲಿ ಮೊದಮೊದಲು ಬೇಸರವಿರಲಿಲ್ಲ. ಪ್ರೈವೇಟಾದರೇನು, ಅದೇ ಪೇಪರಲ್ಲವೇ ಎಂದು ನನ್ನ ತಂಗಿಯೇ ಅವಳಿಗೆ ಧೈರ್ಯ ಹೇಳುತ್ತಿದ್ದಳು.

ಫಾರ್ಮಿನ ಮಾತನ್ನು ಹೆಡ್‌ಮಾಸ್ಟರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಇದನ್ನು ಓದುವವರಿಗೆ ನಂಬಲು ಕಷ್ಟವಾದೀತು. ದಿನಾ ಹನ್ನೊಂದು ಗಂಟೆಗೆ ಅವರ ಮೇಜಿನ ಮೇಲೆ ಟೀ ಲೋಟ ಇಡುತ್ತಿದ್ದವಳು ನಾನು. ಬಾಯಿಬಿಟ್ಟು ಒಂದು ಮಾತು ಕೇಳಬಹುದಿತ್ತು. ದೊಡ್ಡವರು ಒಮ್ಮೆ ಮಾತು ಕೊಟ್ಟ ಮೇಲೆ ಮತ್ತೆ ಕೇಳುವುದು ಅವರನ್ನು ನಂಬಲಿಲ್ಲ ಎಂದ ಹಾಗೆ, ಅದು ಮರ್ಯಾದೆಯಲ್ಲ, ಎಂದು ನಮ್ಮ ಮನೆಯಲ್ಲಿ ಬೆಳೆದ ಬುದ್ಧಿ. ಲೋಟ ಇಡುವಾಗ ಅವರು ಮುಖ ಎತ್ತಿ ನೋಡಿದರೆ ಇವತ್ತು ಹೇಳುತ್ತಾರೆ ಅಂದುಕೊಳ್ಳುತ್ತಿದ್ದೆ. “ಸಕ್ಕರೆ ಜಾಸ್ತಿಯಾಯ್ತಮ್ಮ” ಎನ್ನುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ತಂಗಿಯ ಕಾಟ ತಡೆಯಲಾರದೆ ಕೇಳಿದೆ.

“ಸಾ, ನಮ್ಮುಡ್ಗಿ ಫಾರ್ಮು...”

ಅವರು ಪೆನ್ನು ಕೆಳಗಿಟ್ಟರು. “ಅಯ್ಯೋ, ಅದರ ಡೇಟು ಮುಗಿದೇ ಹೋಯ್ತಲ್ಲಮ್ಮ. ದಿನಾ ಇಲ್ಲೇ ಓಡಾಡ್ತೀಯ, ಒಂದು ಮಾತು ನೆನಪು ಮಾಡೋಕಾಗಲ್ವ?” ಎಂದರು. ನಿಜವಾಗಿಯೂ ಮರೆತವರ ಮುಖ ಅದು. ನನಗೆ ಸಿಟ್ಟು ಬಂದದ್ದು ಅದಕ್ಕೇ. ಮೋಸ ಮಾಡಬೇಕು ಎಂದು ಮಾಡಿದ್ದರೆ ನಮ್ಮನ್ನು ಅಷ್ಟಾದರೂ ಲೆಕ್ಕಕ್ಕೆ ಇಟ್ಟಿದ್ದಾರೆ ಅನ್ನಬಹುದಿತ್ತು. ನನ್ನ ತಂಗಿ ಅವರ ಪಟ್ಟಿಯಿಂದ ಹೋದ ದಿನವೇ ಅವರ ತಲೆಯಿಂದಲೂ ಹೋಗಿದ್ದಳು.

ಆ ವರ್ಷ ನಮ್ಮ ಸ್ಕೂಲಿಗೆ ನೂರಕ್ಕೆ ನೂರು ರಿಸಲ್ಟು ಬಂತು. ಗಾರೆಯವನ ಮಗಳೂ ಪಾಸಾದಳು. ಗಣಿತದಲ್ಲಿ ಸರಿಯಾಗಿ ಮೂವತ್ತೈದು. ನೋಟ್ಸಿನ ಪುಸ್ತಕ ವಾಪಸ್ ಕೊಡಲು ಹೋದ ನನ್ನ ತಂಗಿಗೆ ಅವಳ ಅಪ್ಪ ಲಾಡು ಕೊಟ್ಟು ಕಳಿಸಿದ. ಅವಳು ಅದನ್ನು ತಂದು ಅವ್ವನ ಕೈಗೆ ಕೊಟ್ಟು, ಬಟ್ಟೆ ಒಗೆಯಲು ಹೋದಳು.

ಜೂನಿನಲ್ಲಿ ಸ್ಕೂಲು ತೆರೆದಾಗ ಸಣ್ಣದೊಂದು ಸನ್ಮಾನ ಇಟ್ಟುಕೊಂಡರು. ಗೇಟಿಗೆ ಬ್ಯಾನರು ಕಟ್ಟಿದರು. ಮೇಲಿನ ಬೀದಿಯ, ಕೆಳಗಿನ ಬೀದಿಯ ಯಜಮಾನರೆಲ್ಲ ಬಂದು ಕೂತರು. ವ್ಯಾನಿಗೆ ಮಕ್ಕಳನ್ನು ಕಳಿಸುವವರೂ ಬಂದು, ನಮ್ಮೂರ ಸ್ಕೂಲು ಯಾವುದಕ್ಕೂ ಕಮ್ಮಿಯಿಲ್ಲ ಎಂದು ಭಾಷಣ ಮಾಡಿದರು. ಕೇಸರಿಬಾತು ನಾನೇ ಮಾಡಿದ್ದು. ಯಾರಿಗೋ ನೆನಪಾಗಿ ಅಡುಗೆಯವರನ್ನೂ ವೇದಿಕೆಗೆ ಕರೆದರು, ಕೊರಳಿಗೆ ಶಾಲು ಹಾಕಿದರು. “ಈ ರಿಸಲ್ಟಿನಲ್ಲಿ ಇವರ ಪಾಲೂ ಇದೆ” ಎಂದು ಹೆಡ್‌ಮಾಸ್ಟರು ಮೈಕಿನಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಅವರು ಹೇಳಿದ್ದು ಎಷ್ಟು ನಿಜ ಎಂದು ಆ ಸಭೆಯಲ್ಲಿ ನನ್ನನ್ನೂ ಅವರನ್ನೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅವರಿಗೂ ಆ ಹೊತ್ತಿನಲ್ಲಿ ನೆನಪಿತ್ತು ಎಂದು ನಾನು ಅಂದುಕೊಂಡಿಲ್ಲ.

ಮುಂದಿನ ವಾರ ತಂಗಿ ತಾನೇ ಸ್ಕೂಲಿಗೆ ಬಂದಳು. ಮುಂದಿನ ಪರೀಕ್ಷೆಗೆ ಪ್ರೈವೇಟಾಗಿ ಕಟ್ಟಲು ಏನೇನು ಕಾಗದ ಬೇಕು ಎಂದು ಯಾರನ್ನೋ ಕೇಳಿ ತಿಳಿದುಕೊಂಡಿದ್ದಳು. ಹೆಡ್‌ಮಾಸ್ಟರು ಇರಲಿಲ್ಲ. ಗುಮಾಸ್ತರು ಟಿ.ಸಿ. ಹುಡುಕಲು ಫೈಲನ್ನು ಅವಳ ಮುಂದೆಯೇ ತೆರೆದರು. ಟಿ.ಸಿ.ಯ ಜೊತೆ ಆ ಅರ್ಜಿಯೂ ಇತ್ತು. ನಾನು ಆಗ ಹಿಂದುಗಡೆ ಬೇಳೆ ತೊಳೆಯುತ್ತಿದ್ದೆ. ಅವಳು ಬಂದು ನಲ್ಲಿಯ ಪಕ್ಕ ನಿಂತಳು.

“ನಂಗೆ ಆಸಕ್ತಿ ಇಲ್ಲ ಅಂತ ನೀನು ಬರ್ಕೊಟ್ಟಿದ್ದೀಯ.”

“ನಾನು ಬರೀಲಿಲ್ಲ ಕಣೇ, ಅವರೇ...”

“ಸೈನು ಯಾರ್ದು?”

ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ನನಗೆ ಅಕ್ಷರ ಕೂಡಿಸಿ ಸಹಿ ಮಾಡುವುದನ್ನು ಕಲಿಸಿದವಳು ಅವಳೇ. ಹಳೆಯ ನೋಟ್‌ಬುಕ್ಕಿನಲ್ಲಿ ಪುಟದ ತುಂಬ ಬರೆಸಿದ್ದಳು. ನಾನು ಸುಳ್ಳು ಹೇಳುವ ಹಾಗಿರಲಿಲ್ಲ.

“ಹೆದ್ರುಕೊಂಡೆ ಕಣವ್ವ. ಕೆಲ್ಸ ಓಯ್ತದೆ ಅಂದ್ರು.”

“ನಂಗೆ ಏಳಿದ್ರೆ ಆಯ್ತಿರ್ನಿಲ್ವ? ಕೆಲ್ಸ ಓಯ್ತದೆ, ನೀನು ಈ ವರ್ಷ ಬುಡು ಅಂದಿದ್ರೆ ಬುಡ್ತಿದ್ದೆ. ನಿನ್ ಕೆಲ್ಸಕ್ಕೋಸ್ಕರ ಬುಡ್ತಿದ್ದೆ ಕಣಕ್ಕ. ಆಸಕ್ತಿ ಇಲ್ಲ ಅಂತ ಯಾಕೆ ಸೈನ್ ಆಕ್ದೆ?”

ಹಿರಿಯ ಹೆಂಗಸು, “ಓಗ್ಲಿ ಬುಡವ್ವ, ಅಕ್ಕ ಅಲ್ವ” ಎಂದರು. ತಂಗಿ ಅವರ ಕಡೆ ನೋಡಿ, “ಅಕ್ಕ ಅಂತಾನೇ ಕೇಳ್ತಿರೋದು ದೊಡ್ಡವ್ವ” ಎಂದಳು. ಟಿ.ಸಿ.ಯನ್ನು ಮಡಚಿ ಜಾಮಿಟ್ರಿ ಡಬ್ಬಿಯಲ್ಲಿಟ್ಟುಕೊಂಡು ಹೋದಳು.

ಅದೇ ತಿಂಗಳು ಅವಳು ನಂಜನಗೂಡಿಗೆ, ಚಿಕ್ಕಮ್ಮನ ಮನೆಗೆ ಹೋದಳು. ಅಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸ, ಸಂಜೆ ಒಬ್ಬ ಮೇಡಂ ಹತ್ತಿರ ಗಣಿತದ ಟ್ಯೂಷನ್ನು. ಫೋನು ಮಾಡುತ್ತಿದ್ದದ್ದು ಅವ್ವನಿಗೆ. ನಾನು ಎತ್ತಿಕೊಂಡರೆ, “ಅವ್ವಂಗೆ ಕೊಡು” ಎನ್ನುತ್ತಿದ್ದಳು, ಅಷ್ಟೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಮಾರ್ಚಿನಲ್ಲಿ ಬರೆದಳು, ಗಣಿತ ಹೋಯಿತು. ಮತ್ತೆ ಬರೆದಳು, ಪಾಸಾದಳು. ಆ ಸುದ್ದಿಯೂ ನನಗೆ ಸಿಕ್ಕಿದ್ದು ಅವ್ವ ಬೀದಿಯಲ್ಲಿ ಎಲ್ಲರಿಗೂ ಸಕ್ಕರೆ ಹಂಚುವಾಗ. ನನ್ನ ಕೈಗೂ ಒಂದು ಚಿಟಿಕೆ ಹಾಕಿ, “ನಿನ್ ತಂಗಿ ಪಾಸಾದ್ಲು” ಎಂದಳು, ಬೇರೆಯವರಿಗೆ ಹೇಳಿದ ಹಾಗೆ.

ತಡೆಯಲಾರದೆ ಮರುದಿನ ಟೀ ಇಡುವಾಗ ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ನಿಜವಾಗಿ ಸಂತೋಷಪಟ್ಟರು. “ನೋಡಿದ್ಯಾ? ಪ್ರೈವೇಟಾಗಿ ಕಟ್ಟಿದ್ರೆ ಪಾಸಾಗ್ತಾಳೆ ಅಂತ ನಾನು ಅವತ್ತೇ ಹೇಳಿರಲಿಲ್ವ?” ಎಂದರು.

ಆ ಮಾತನ್ನು ಅವರು ಅಲ್ಲಿಗೇ ಬಿಡಲಿಲ್ಲ. ಆ ವರ್ಷವೂ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ನಮ್ಮ ಬೀದಿಯ ಒಬ್ಬ ಹೆಂಗಸನ್ನು ಕರೆಸಿದರು. ಅವಳ ಮಗಳು ಹತ್ತನೇ ಕ್ಲಾಸು. ಕಬ್ಬಿನ ಗದ್ದೆಯಿಂದ ನೇರ ಬಂದಿದ್ದಳು, ಕುರ್ಚಿಯ ತುದಿಯಲ್ಲಿ ಕೂತಿದ್ದಳು. ನಾನು ಟೀ ತೆಗೆದುಕೊಂಡು ಹೋದಾಗ ಕಾಗದ ಅವಳ ಮುಂದೆ ಇತ್ತು.

“ಬಾಮ್ಮ, ಸರಿಯಾದ ಟೈಮಿಗೆ ಬಂದೆ” ಎಂದರು ಹೆಡ್‌ಮಾಸ್ಟರು. “ಇವರು ಹೆದರ್ತಿದಾರೆ. ನಿನ್ನ ತಂಗಿ ವಿಷಯ ಹೇಳು ಇವರಿಗೆ. ಪ್ರೈವೇಟಾಗಿ ಕಟ್ಟಿ ಪಾಸಾದ್ಲಲ್ಲ, ಹೇಳು.”

ಆ ಹೆಂಗಸು ನನ್ನ ಕಡೆ ತಿರುಗಿದಳು. “ಊಂ ಕಣಕ್ಕ, ನೀನೇಳು. ನಿನ್ಗೆ ಇದೆಲ್ಲ ಗೊತ್ತಲ್ಲ” ಎಂದಳು. ಅವಳು ನನ್ನನ್ನು ನಂಬಿದ್ದಳು. ನಾನು ನಮ್ಮ ಬೀದಿಯವಳು, ಸ್ಕೂಲಿನೊಳಗೆ ಇರುವವಳು.

“ಸೈನ್ ಆಕ್ಬ್ಯಾಡ ಕಣವ್ವ” ಎಂದೆ.

ಹೆಡ್‌ಮಾಸ್ಟರು, “ಏನಮ್ಮ ನೀನು ಹೇಳ್ತಿರೋದು? ನಿನ್ನ ತಂಗಿ ಪಾಸಾಗಿಲ್ವ?” ಎಂದರು.

“ಆದ್ಲು ಸಾ. ನಿಮ್ಮಿಂದ ಅಲ್ಲ. ನನ್ನಿಂದ್ಲೂ ಅಲ್ಲ. ಒಂದು ವರ್ಷ ಕಳ್ಕೊಂಡು, ಊರು ಬುಟ್ಟು ಓಗಿ ಆದ್ಲು. ಫಾರ್ಮು ತುಂಬ್ತೀನಿ ಅಂದಿದ್ರಿ, ತುಂಬ್ಲಿಲ್ಲ. ನಾನೂ ಕೇಳ್ನಿಲ್ಲ.” ಲೋಟ ಇಡುವಾಗ ಟೀ ಸ್ವಲ್ಪ ಆ ಕಾಗದದ ಮೇಲೆ ಚೆಲ್ಲಿತು. ಬೇಕೆಂದು ಚೆಲ್ಲಿದ್ದಲ್ಲ.

ಆ ಹೆಂಗಸು ಎದ್ದಳು. “ನಮ್ಮೆಜಮಾನ್ರನ್ನ ಒಂದ್ಮಾತು ಕೇಳ್ಕಂಡು ಬತ್ತೀನಿ ಸಾ” ಎಂದು ಸೆರಗು ಸುತ್ತಿಕೊಂಡು ಹೋದಳು. ಮತ್ತೆ ಬರಲಿಲ್ಲ. ಹೆಡ್‌ಮಾಸ್ಟರು ನನ್ನನ್ನು ಬೈಯಲಿಲ್ಲ. ಮರುದಿನದಿಂದ ಅವರ ಟೀ ರಸ್ತೆಯ ಹೋಟೆಲಿನಿಂದ ಬರತೊಡಗಿತು. ಮುಂದಿನ ಜೂನಿಗೆ ನನ್ನ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ.

ಊರಿನಲ್ಲಿ ಇಂಥ ಮಾತು ಒಂದು ಕಡೆ ನಿಲ್ಲುವುದಿಲ್ಲ. ಆ ಭಾನುವಾರ ತಂಗಿ ಅವ್ವನನ್ನು ನೋಡಲು ಬಂದಾಗ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಅವಳಿಗೆ ಎಲ್ಲ ತಿಳಿದಿತ್ತು. ನಾನು ಮುದ್ದೆ ತಿರುವುತ್ತಿದ್ದೆ. ನನಗೆ ಒಳಗೊಳಗೇ ಆಸೆ ಇತ್ತು, ಅದನ್ನೂ ಮುಚ್ಚಿಡುವುದಿಲ್ಲ. ಇವಳು ಈಗ ಕ್ಷಮಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಬಂದು ಬಾಗಿಲಿಗೆ ಒರಗಿ ನಿಂತಳು. ಒಂದೂವರೆ ವರ್ಷದಲ್ಲಿ ನನ್ನನ್ನು ಅವಳಾಗಿಯೇ ಮಾತಾಡಿಸಿದ್ದು ಅದೇ ಮೊದಲು.

“ಆಯಮ್ಮನ ಮಗ್ಳ ಪರವಾಗಿ ಮಾತಾಡ್ದಂತೆ?”

“ಊಂ.”

“ಸಾರ್ ಮುಂದೇನೆ?”

“ಊಂ ಕಣೇ.”

ಅವಳು ನನ್ನ ಕೈಯನ್ನೇ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

“ಅಂದ್ರೆ ಮಾತಾಡಕ್ಕೆ ಬತ್ತಿತ್ತು ನಿಂಗೆ” ಎಂದಳು.

ನಾನು ಮುದ್ದೆ ಕಟ್ಟಿ ತಟ್ಟೆಗೆ ಹಾಕಿದೆ. ಅವಳು ಅವ್ವನ ಪಕ್ಕ ಕೂತು ಉಂಡು, ನಾಲ್ಕು ಗಂಟೆಯ ಬಸ್ಸಿಗೆ ಹೋದಳು.